ನಾಲ್ಕು ಕಚೇರಿಗಳಿಗೆ ಒಂದೇ ಕ್ಯಾಲೆಂಡರ್

ದನಕರುಗಳ ಆರೋಗ್ಯ ನೋಡಿಕೊಳ್ಳುವ ನಮ್ಮ ಸಂಸ್ಥೆಯ ಮುಖ್ಯ ಕಚೇರಿ ಕೊಪ್ಪಳದಲ್ಲಿತ್ತು. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಒಂದೊಂದು ಶಾಖೆ. ಎಲ್ಲಕ್ಕೂ ಸೇರಿ ಡಾಕ್ಟರು ಒಬ್ಬರೇ. ಅವರು ಯಾವತ್ತು ಯಾವ ಊರಿಗೆ ಎಂಬುದಕ್ಕೆ ಫೋನಿನ ಮೇಲೆ ಫೋನು. ಒಮ್ಮೆಯಂತೂ ಒಂದೇ ಬೆಳಿಗ್ಗೆ ಎರಡು ಊರಿನವರು ಅವರ ದಾರಿ ಕಾದರು. ಇದಕ್ಕೆ ದೊಡ್ಡ ಸರ್ವರೇ ಬೇಕೆಂದು ಹುಬ್ಬಳ್ಳಿಯಿಂದ ಬಂದವನೊಬ್ಬ ಬೆಲೆ ಹೇಳಿದಾಗ, ನಮ್ಮ ಕಾರ್ಯದರ್ಶಿ ಕುಡಿಯುತ್ತಿದ್ದ ಚಹಾ ಕೆಳಗಿಟ್ಟರು.

“ಸಾಹೇಬ್ರ, ಮೂಲ್ಯಾಗಿನ ಹಳೇ ಕಂಪ್ಯೂಟರ್ ಕೊಡ್ರಿ, ಒಂದು ತಿಂಗಳು ನೋಡ್ರಿ,” ಎಂದೆ.

“ಆಗಲಿಲ್ಲಂದ್ರ?”

“ಸರ್ವರ್ ತರಸ್ರಿ. ಮತ್ತ ನಾ ಕಂಪ್ಯೂಟರ್ ಮಾತು ಎತ್ತೂದಿಲ್ಲ.”

ಅವರು ಒಪ್ಪಿದರು. ಆ ಹಳೇ ಕಂಪ್ಯೂಟರಿಗೆ ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಹಾಕಿದೆ. ಒಬ್ಬೊಬ್ಬರಿಗೂ ಇಮೇಲ್, ಎಲ್ಲರಿಗೂ ಕಾಣುವ ಒಂದು ಕ್ಯಾಲೆಂಡರ್, ರೈತರ ಫೋನ್ ನಂಬರುಗಳ ಒಂದೇ ಪಟ್ಟಿ. ಕೊಪ್ಪಳದಲ್ಲಿ ಬರೆದದ್ದು ಕುಷ್ಟಗಿಯಲ್ಲಿ ಕಾಣುತ್ತಿತ್ತು. ಸೋಮವಾರಗಳಿಗೆಲ್ಲ ಸಿಬ್ಬಂದಿ ಸಭೆ ಹಾಕಿ, ಯಲಬುರ್ಗಾ ಕಡೆಯ ಬೇವೂರಿನ ಲಸಿಕೆ ಶಿಬಿರವನ್ನು ಗುರುವಾರಕ್ಕೆ ಇಟ್ಟೆ.

ಗುರುವಾರ ಡಾಕ್ಟರು ಹೊತ್ತಿಗೆ ಸರಿಯಾಗಿ ಬಂದರು, ಯಲಬುರ್ಗಾದಿಂದ ಲಸಿಕೆಯ ಐಸ್ ಡಬ್ಬಿಯೂ ಬಂತು. ಎತ್ತುಗಳು ಮಾತ್ರ ಬರಲಿಲ್ಲ. ಊರಿಗೆ ಊರೇ ಹೊಲದಲ್ಲಿ ಎತ್ತು ಹೂಡಿ, ಬೆಳೆಸಾಲಿನ ಕಳೆ ತೆಗೆಯಲು ಎಡೆ ಹೊಡೆಯುತ್ತಿತ್ತು.

ಯಲಬುರ್ಗಾ ಶಾಖೆಯ ಹಿರಿಯರು, ನಾವೆಲ್ಲ ಕಾಕಾ ಎನ್ನುತ್ತಿದ್ದವರು, ಕಟ್ಟೆಯ ಮೇಲೆ ಕುಳಿತು ನಕ್ಕೇ ನಕ್ಕರು.

“ತಮ್ಮಾ, ನಿನ್ನ ಕಂಪ್ಯೂಟರ್ ಭಾಳ ಶಾಣ್ಯಾ ಐತಿ. ಆದ್ರ ಎತ್ತು ಮನ್ಯಾಗ ಇರೂದು ಸೋಮವಾರ. ಅವತ್ತ ಬಸವಣ್ಣನ ಹೆಗಲಿಗೆ ಯಾರೂ ನೊಗ ಇಡೂದಿಲ್ಲ. ಆ ದಿನಾನ ನೀ ನಮ್ಮನ್ನ ಕೊಪ್ಪಳಕ್ಕ ಕರದು ಮೀಟಿಂಗ್ ಮಾಡ್ತಿ!”

“ಮೊದಲ ಹೇಳಬಾರದೇನ್ರಿ ಕಾಕಾ?”

“ನೀ ಪಾಸ್‌ವರ್ಡ್ ಕೊಟ್ಟಿ. ಕೇಳಲಿಲ್ಲ.”

ಸೋಮವಾರ ಎತ್ತಿನ ಮೈ ತೊಳೆಯುತ್ತ ಬೆಳೆದ ನನಗೇ ಇದು ಮರೆತಿತ್ತು. ಅಂದೇ ಯಲಬುರ್ಗಾಕ್ಕೆ ಹೋಗಿ ಕಾಕಾರನ್ನು ಕಂಪ್ಯೂಟರಿನ ಮುಂದೆ ಕೂರಿಸಿದೆ. ಸಭೆ ಶುಕ್ರವಾರಕ್ಕೆ ಸರಿಯಿತು. ಅವರು ಒಂದೇ ಬೆರಳಿನಲ್ಲಿ ಸೋಮವಾರಗಳಿಗೆಲ್ಲ ತಮ್ಮ ಕಡೆಯ ಶಿಬಿರಗಳನ್ನು ತುಂಬಿದರು. ಅಮಾವಾಸ್ಯೆ, ಹನುಮಸಾಗರದ ಸಂತೆಯನ್ನೂ ಬರೆದರು. ಮುಂದಿನ ಸೋಮವಾರ ಬೇವೂರಿನಲ್ಲಿ ಎತ್ತುಗಳನ್ನು ಕಟ್ಟಲು ಜಾಗ ಸಾಲಲಿಲ್ಲ.

ತಿಂಗಳು ತುಂಬುವ ಮುಂಚೆಯೇ ಗಂಗಾವತಿಯಿಂದ ಎಲ್ಲರಿಗೂ ಇಮೇಲ್ ಬಂತು: “ಕಾಕಾ ಅವರು ಎಲ್ಲಾ ಸೋಮವಾರಾನೂ ಹಿಡದಾರ. ನಮಗ ಡಾಕ್ಟರು ಬ್ಯಾಡೇನ್ರಿ?” ಗಳಿಗೆಯಲ್ಲಿ ಕಾಕಾರ ಉತ್ತರ: “ನಿಮ್ಮ ಗದ್ದ್ಯಾಗ ಟ್ರ್ಯಾಕ್ಟರ್ ಅದಾವ. ಅವಕ್ಕ ಸೂಜಿ ಯಾಕ?” ಕುಷ್ಟಗಿಯವರೂ ನಡುವೆ ಬಂದರು.

ನಾನು ಅಳುಕುತ್ತಲೇ ಎಲ್ಲವನ್ನೂ ಕಾರ್ಯದರ್ಶಿಗೆ ತೋರಿಸಿದೆ. ಅವರು ಓದಿ ಕನ್ನಡಕ ತೆಗೆದರು.

“ಜಗಳಾನೂ ಇದರಾಗ ನಡದೈತಿ ಅಂದ್ರ ಎಲ್ಲಾರೂ ಬಳಸಾಕತ್ಯಾರ ಅಂತಾತು. ಆ ಹುಬ್ಬಳ್ಳಿಯವಗ ಸರ್ವರ್ ಬ್ಯಾಡಂತ ಹೇಳು. ಗಂಗಾವತಿಗೆ ಎರಡು ಸೋಮವಾರ ಬಿಡಸಿಕೊಡು.”