ಗೂಡು ಕಟ್ಟದ ಹುಳು

1956ರಲ್ಲಿ ಒಂಬತ್ತು ವರ್ಷದ ಚೆಲುವಮ್ಮ, ಹುಳುಗಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಒಂದು ರೇಷ್ಮೆಹುಳುವನ್ನೆತ್ತಿ, "ಇದ್ಯಾಕವ್ವ ಗೂಡು ಕಟ್ಟಿಲ್ಲ?" ಎಂದಿದ್ದಳು. ಬಲಿತು ಹಣ್ಣಾಗಿಯೂ ನೂಲು ಬಿಡದ ಹುಳು ಮನೆಗೆ ದರಿದ್ರ. ಅವ್ವ ಕೆಂಪಾಜಮ್ಮ ಮಗಳ ಕೆನ್ನೆಗೊಂದು ಬಿಟ್ಟು, ಹುಳುವನ್ನು ತಿಪ್ಪೆಗೆಸೆದಳು.

ಏಟು ಮರೆತುಹೋಯಿತು, ಪ್ರಶ್ನೆ ಮರೆಯಲಿಲ್ಲ. ಧನಗೆರೆಯ ಈ ಹುಡುಗಿ ಓದಿ ಓದಿ ಮೈಸೂರಿನ ಪ್ರಯೋಗಾಲಯ ಸೇರಿದಳು. ಹುಳುವಿನ ಪ್ರತಿ ಜೀವಕೋಶದಲ್ಲೂ ರೇಷ್ಮೆಯ ಜೀನ್ ಇದೆ. ಆದರೆ ನೂಲು ತಯಾರಿಸುವ ಗ್ರಂಥಿಯ ಹಿಂಭಾಗದಲ್ಲಿ ಮಾತ್ರ ಅದು ಕೆಲಸಕ್ಕಿಳಿಯುತ್ತದೆ. ಇಳಿ ಎಂದು ಅಪ್ಪಣೆ ಕೊಡುವವರು ಯಾರು? ಗೂಡು ಕಟ್ಟದ ಹುಳುವನ್ನೇ ಕೇಳಬೇಕು.

ಅಪ್ಪ ಜವರಯ್ಯ ಸೈಕಲ್ಲೇರಿ ಹನೂರು, ಯಳಂದೂರು ಕಡೆಯ ಹುಳುಮನೆಗಳನ್ನೆಲ್ಲ ಸುತ್ತಿದ. "ನೂಲು ಬುಡ್ದೇ ಇರೋ ಹುಳ ಎಸೀಬ್ಯಾಡಿ ಕಣ್ರಪ್ಪಾ, ನನ್ ಮಗ್ಳಿಗೆ ಬೇಕು." ಮುದುಕನಿಗೆ ತಲೆ ಕೆಟ್ಟಿದೆ ಎಂದು ಜನ ನಗುತ್ತಲೇ ಕೊಟ್ಟರು. ಮೂರು ವರ್ಷದಲ್ಲಿ ಗೂಡು ಕಟ್ಟದ ಹುಳುಗಳದೇ ಒಂದು ತಳಿ ನಿಂತಿತು. ಮೈಸೂರಿನಲ್ಲಿ ಹಿಪ್ಪುನೇರಳೆ ಸೊಪ್ಪು ಸಾಲದೆ, 1973ರ ಬೇಸಿಗೆಯಲ್ಲಿ ಅಷ್ಟೂ ಹುಳು ಊರಿನ ಹುಳುಮನೆಯಲ್ಲಿದ್ದವು. ಇನ್ನೊಂದು ವಾರ ಸೊಪ್ಪು ತಿಂದರೆ ಬದುಕುತ್ತವೆ, ಇಲ್ಲವೆಂದರೆ ತಳಿಯೇ ಇಲ್ಲ.

ಅಷ್ಟರಲ್ಲಿ ಜವರಯ್ಯ ತೋಟದಲ್ಲಿ ಸೊಪ್ಪು ಕೊಯ್ಯುತ್ತಲೇ ಎದೆ ಹಿಡಿದು ಕೂತವನು ಮತ್ತೆ ಏಳಲಿಲ್ಲ.

ಸೂತಕದವರು ಹುಳುಮನೆಗೆ ಕಾಲಿಡುವಂತಿಲ್ಲ. ಈ ಕಟ್ಟಳೆಯಲ್ಲಿ ಕೆಂಪಾಜಮ್ಮನಷ್ಟು ಬಿಗಿ ಊರಲ್ಲೇ ಇರಲಿಲ್ಲ. ಅತ್ತೆ ಸತ್ತಾಗ ಬೆಳೆದು ನಿಂತ ಹುಳುವನ್ನೆಲ್ಲ ಹಸಿವಿಗೆ ಬಿಟ್ಟವಳು ಅವಳು. ದಾಯಾದಿಗಳಿಗೂ ಸೂತಕ. ಹೊರಗಿನವರು ದರಿದ್ರದ ಹುಳು ಮುಟ್ಟಲು ಒಪ್ಪಲಿಲ್ಲ.

ಅಪ್ಪನನ್ನು ಮಣ್ಣು ಮಾಡಿದ ಮರುದಿನ ಚೆಲುವಮ್ಮ ಸೊಪ್ಪಿನ ಮಂಕರಿ ಹೊತ್ತು ಹುಳುಮನೆಯ ಮುಂದೆ ನಿಂತಳು. ಇದೆಲ್ಲ ಮೂಢನಂಬಿಕೆ ಎಂದು ಎಷ್ಟು ಜನಕ್ಕೆ ಬುದ್ಧಿ ಹೇಳಿದ್ದಳೋ! ಈಗ ತನ್ನ ಕಾಲೇ ಹೊಸ್ತಿಲು ದಾಟಲೊಲ್ಲದು. ಓದೆಲ್ಲ ತಲೆಯಲ್ಲೇ ಉಳಿದಿತ್ತು, ಕಾಲಿಗೆ ಇಳಿದಿರಲಿಲ್ಲ. ನಾಚಿಕೆಯಿಂದ ಅತ್ತಳು.

ಹಿಂದಿನಿಂದ ಕೆಂಪಾಜಮ್ಮ ಬಂದು ಮಂಕರಿ ಕಿತ್ತುಕೊಂಡಳು. "ನಿಮ್ಮಪ್ಪ ಊರೂರು ಅಲ್ದು ತಂದ ಹುಳ ಕಣವ್ವ ಇವು. ಉಪಾಸ ಕೆಡವಕ್ಕಾಯ್ತದಾ? ನೀ ಆಚೇಲಿರು, ಪಾಪ ಬಂದ್ರೆ ನಂಗ್ ಬರ್ಲಿ" ಎಂದು ಒಳಗೆ ಹೋದಳು. ಸೂತಕ ಕಳೆಯುವ ತನಕ ದಿನವೂ ಹೋದಳು.

ತಳಿ ಉಳಿಯಿತು. 1977ರಲ್ಲಿ ಚೆಲುವಮ್ಮನ ಲೇಖನ ಅಚ್ಚಾಯಿತು. ಆ ಹುಳುಗಳಲ್ಲಿ ಜೀನ್ ಇತ್ತು, ಅಪ್ಪಣೆಯೂ ಜೀವಕೋಶದ ಬಾಗಿಲ ತನಕ ಬರುತ್ತಿತ್ತು, ಒಳಗೆ ಮುಟ್ಟುತ್ತಿರಲಿಲ್ಲ. ಪತ್ರಿಕೆ ಹಿಡಿದು ಅವಳು ಊರಿಗೆ ಓಡಿ ಬಂದಳು.

ಹುಳುಮನೆಯ ಹೊರಗೆ, ಸುಡುಬಿಸಿಲಲ್ಲಿ, ಕೆಂಪಾಜಮ್ಮ ಸೊಪ್ಪು ಕೊಚ್ಚಿ ಕಿಟಕಿಯಿಂದ ಒಳಗಿದ್ದ ಹೊಸ ಸೊಸೆಗೆ, ಮಗನ ಹೆಂಡತಿಗೆ, ಕೊಡುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಸೂತಕ ಕಳೆದ ದಿನದಿಂದ ಅವಳು ಆ ಹೊಸ್ತಿಲು ತುಳಿದಿರಲಿಲ್ಲ.

"ಒಳಿಕ್ ಬಾ ಅವ್ವ, ಬಿಸ್ಲು. ನೀನೇನ್ ತಪ್ಪು ಮಾಡಿಲ್ಲ."

ಕೆಂಪಾಜಮ್ಮ ಕುಡುಗೋಲು ನಿಲ್ಲಿಸಲಿಲ್ಲ. "ತಪ್ಪಲ್ಲ ಅಂದ್ಕಂಡು ನಾ ಅವತ್ತು ಒಳಿಕ್ ಹೋಗ್ಲಿಲ್ಲ ಕಣವ್ವ," ಎಂದಳು. "ತಪ್ಪು ಅಂತ ಗೊತ್ತಿದ್ದೇ ಹೋದೆ."