ಫೆಸ್‌ನಲ್ಲಿ ನಾನು ಉಣ್ಣದ ಊಟ

ಫೆಸ್ ನಗರದಲ್ಲಿ ನಾನು ಯಾರ ಮನೆಯಲ್ಲೂ ಊಟ ಮಾಡಲಿಲ್ಲ.

ಅಬುಧಾಬಿಯ ನಮ್ಮ ಕನ್ನಡ ಬಳಗದ ಸಂಚಿಕೆಯಲ್ಲಿ ‘ಒಂದೇ ದಿನದಲ್ಲಿ ಫೆಸ್’ ಅಂತ ನಾನು ಬರೆದ ಪ್ರವಾಸ ಲೇಖನ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಮೊರಾಕ್ಕೊದ ಆ ಹಳೇ ಊರಿನಲ್ಲಿ ಒಬ್ಬ ಅಜ್ಜಿಯ ಮನೆಯಲ್ಲಿ ಕೂತು ಏಳು ತರಕಾರಿ ಹಾಕಿದ, ನಮ್ಮ ಉಪ್ಪಿಟ್ಟಿನಂಥ ಕುಸ್‌ಕುಸ್ ಉಂಡೆ, ಅವರು ನನ್ನ ತಲೆ ಸವರಿ ಕಳಿಸಿಕೊಟ್ಟರು ಅಂತೆಲ್ಲ ಅದರಲ್ಲಿತ್ತು. ಓದಿದವರು ಫೋನ್ ಮಾಡಿ ಮಾಡಿ ಹೊಗಳಿದಿರಿ. ಆ ಪ್ಯಾರಾ ಪೂರ್ತಿ ಸುಳ್ಳು. ಬರೀ ಸುಳ್ಳಾಗಿದ್ದರೆ ಈಗ ಹೀಗೆ ಬರೆಯುತ್ತಾ ಕೂರುತ್ತಿರಲಿಲ್ಲ — ಪ್ರವಾಸ ಮುಗಿಸಿ ಬಂದು ಕಾಗೆ ಹಾರಿಸದವರು ಯಾರಿದ್ದಾರೆ ಹೇಳಿ! ಆದರೆ ನನ್ನ ಸುಳ್ಳಿನ ಪೆಟ್ಟು ಬಿದ್ದದ್ದು ನನಗಲ್ಲ. ಆ ಅಜ್ಜಿಗೆ.

ನಾನು ವಸಂತಿ, ಮೈಸೂರಿನವಳು. ಇಲ್ಲಿನ ಖಾಲಿದಿಯಾ ಬಡಾವಣೆಯ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ನಿನಲ್ಲಿ ಕೂರುತ್ತೇನೆ. ಪಕ್ಕದ ಕುರ್ಚಿ ನಯೀಮಾಳದು. ಅವಳು ಫೆಸ್‌ನವಳು. ಅರಬ್ಬಿ ಮಾತಾಡುವ ಪೇಷಂಟ್‌ಗಳು ಅವಳ ಪಾಲಿಗೆ, ಹಿಂದಿ-ಇಂಗ್ಲಿಷಿನವರು ನನ್ನ ಪಾಲಿಗೆ. ನನ್ನದು ಜೋರು ಬಾಯಿ, ಅವಳದು ಇನ್ನೂ ಜೋರು. ಜಗಳ ಆಡಿಕೊಂಡೇ ಹತ್ತಿರವಾದವರು ನಾವು. ನನಗೆ ಗರ್ಭಕೋಶದ ಆಪರೇಷನ್ ಆದಾಗ ಇವರು — ನನ್ನ ಯಜಮಾನರು — ದೂರದ ಮದೀನತ್ ಜಾಯೆದ್‌ನ ಸೈಟಿನಲ್ಲಿದ್ದರು, ವಾರಕ್ಕೊಮ್ಮೆ ಮಾತ್ರ ಮನೆಗೆ ಬರುತ್ತಿದ್ದರು. ಉಳಿದ ದಿನಗಳಲ್ಲಿ ನನ್ನನ್ನು ನೋಡಿಕೊಂಡವಳು ನಯೀಮಾ. ಕಡಲೆಕಾಳು, ಟೊಮೆಟೊ ಹಾಕಿದ ಸೂಪು ಮಾಡಿ ತರುತ್ತಿದ್ದಳು. “ಮಾಂಸ ಹಾಕಿಲ್ಲ ವಸಂತಿ. ಪಾತ್ರೆ ಕೂಡ ಹೊಸದು, ನಿನಗೆ ಅಂತಲೇ ತಗೊಂಡೆ” ಅಂದಿದ್ದಳು. ಒಡಹುಟ್ಟಿದವರಿಗೂ ಹೊಳೆಯದ ಮಾತು ಅದು. ಅಂಥವಳಿಗೆ ನಾನು — ಇರಲಿ, ಮೊದಲಿನಿಂದ ಹೇಳುತ್ತೇನೆ.

ಇವರಿಗೆ ಕಾಸಾಬ್ಲಾಂಕಾದಲ್ಲಿ ಕಂಪನಿ ಮೀಟಿಂಗ್ ಬಂತು. ನಾನೂ ಜೊತೆಗೆ ಅಂಟಿಕೊಂಡೆ. ಮೀಟಿಂಗ್ ಮುಗಿದ ಮೇಲೆ ಫೆಸ್ ನೋಡಲು ನಮಗೆ ಉಳಿಯುತ್ತಿದ್ದದ್ದು ಒಂದೇ ದಿನ, ಶುಕ್ರವಾರ. ವಿಷಯ ತಿಳಿದ ನಯೀಮಾಳ ಕಣ್ಣು ತುಂಬಿತು. ಅವಳಿಗೆ ರಜೆ ಸಿಗದೆ ಬಹಳ ಕಾಲವಾಗಿತ್ತು. ಮಾರನೆಯ ದಿನವೇ ಒಂದು ಚೀಲ ತಂದಳು: ಅವಳ ಅಮ್ಮನಿಗೊಂದು ಶಾಲು, ಮಂಡಿನೋವಿನ ಮುಲಾಮು, ಒಂದು ಡಬ್ಬಿ ಖರ್ಜೂರ.

“ಚೀಲ ಮುಖ್ಯ ಅಲ್ಲ. ನೀನು ಅಮ್ಮನ ಜೊತೆ ಕೂತು ಊಟ ಮಾಡಬೇಕು. ಫೋನಿನಲ್ಲಿ ಅವಳು ಏನೂ ಹೇಳುವುದಿಲ್ಲ. ಹೇಗಿದ್ದಾಳೆ ಅಂತ ನಿನ್ನ ಕಣ್ಣಿಂದ ನೋಡಿಕೊಂಡು ಬಂದು ನನಗೆ ಹೇಳು” ಅಂದಳು.

ಅವಳ ಅಮ್ಮ, ಲಲ್ಲಾ ಜಹ್ರಾ, ಮದುವೆ ಅಡುಗೆಯವರು. ಆ ಓಣಿಗಳಲ್ಲಿ ಅವರ ಕೈ ರುಚಿ ಇಲ್ಲದೆ ಮದುವೆಯೇ ಆಗುತ್ತಿರಲಿಲ್ಲವಂತೆ. ನಯೀಮಾ ಆ ಮನೆಯನ್ನು ಎಷ್ಟು ಸಲ ಬಣ್ಣಿಸಿದ್ದಳೆಂದರೆ ನನಗೆ ಅದು ಕಣ್ಣಿಗೆ ಕಟ್ಟಿತ್ತು — ನಡುವೆ ಅಂಗಳ, ಕುಂಡದಲ್ಲಿ ನಿಂಬೆ ಗಿಡ, ಒಂದು ಹೆಂಚು ಒಡೆದ ಮೆಟ್ಟಿಲು. ಮುಂದೆ ಈ ಬಣ್ಣನೆಯೇ ನನ್ನ ಸುಳ್ಳಿಗೆ ಬಂಡವಾಳವಾಯಿತು.

ಗಲ್ಫಿನಲ್ಲಿರುವ ನಮಗೆಲ್ಲ ಒಂದು ಅಭ್ಯಾಸವಿದೆ. ಯಾರಾದರೂ ಊರಿಗೆ ಹೊರಟರೆ ಸಾಕು, ಕಂಡವರೆಲ್ಲ ಒಂದೊಂದು ಪೊಟ್ಟಣ ಹಿಡಿದು ಬರುತ್ತೇವೆ. ಹೊರುವವರೂ ಬೈದುಕೊಂಡೇ ಹೊರುತ್ತಾರೆ. ಊರು ತಲುಪಿದ ಮೇಲೆ ಆ ಕಡೆಯವರು ಬಸ್‌ಸ್ಟ್ಯಾಂಡಿಗೋ ಮನೆಗೋ ಬಂದು ಒಯ್ಯುತ್ತಾರೆ. ಸಾಮಾನು ತಲುಪಿತಾ, ಖಲಾಸ್, ನಮ್ಮ ಜವಾಬ್ದಾರಿ ಮುಗಿಯಿತು. ಇಷ್ಟು ವರ್ಷ ಹೊತ್ತು ಹೊತ್ತು ನನ್ನ ತಲೆಯಲ್ಲಿ ಇದು ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ಅವಳು ‘ಚೀಲ ಮುಖ್ಯ ಅಲ್ಲ’ ಅಂದದ್ದು ನನ್ನ ಕಿವಿಗೆ ಬಿದ್ದರೂ ಒಳಗೆ ಇಳಿಯಲೇ ಇಲ್ಲ.

ಆ ಶುಕ್ರವಾರ ಬೆಳಿಗ್ಗೆ ಹೋಟೆಲಿನ ರಿಸೆಪ್ಷನ್ನಿನವನು, “ಇವತ್ತು ಮಧ್ಯಾಹ್ನ ನಮಾಜಿನ ಹೊತ್ತಿಗೆ ಅಂಗಡಿಗಳೆಲ್ಲ ಮುಚ್ಚುತ್ತವೆ ಮೇಡಂ, ನೋಡುವುದನ್ನು ಬೇಗ ನೋಡಿಕೊಳ್ಳಿ” ಅಂದ. ನನಗೆ ಧಾವಂತ ಶುರುವಾಯಿತು. ಇದ್ದ ಒಂದೇ ದಿನ — ಅದರಲ್ಲೂ ಅರ್ಧ ದಿನ! ಇವರು ಪಾಪ, “ನಯೀಮಾಳ ಅಮ್ಮನ ಮನೆಗೆ ಮೊದಲು ಹೋಗಿಬಿಡೋಣ ಕಣೇ” ಅಂದರು. “ಅಲ್ಲಿ ಹೋಗಿ ಕೂತರೆ ಊಟ, ಟೀ ಅಂತ ಇಡೀ ದಿನ ಹೋಗುತ್ತೆ. ಅವರ ಭಾಷೆ ನಮಗೆ ಬರಲ್ಲ, ನಮ್ಮದು ಅವರಿಗೆ ಬರಲ್ಲ. ಸುಮ್ನೆ ಬನ್ನಿ” ಅಂತ ನಾನೇ ಗದರಿದೆ. ಚೀಲವನ್ನೂ ವಿಳಾಸವನ್ನೂ ಹೋಟೆಲಿನ ಆಳಿನ ಕೈಗೆ ಕೊಟ್ಟೆ. ಅವನು ತಲುಪಿಸಿ ಬಂದು ಹೆಬ್ಬೆರಳು ಎತ್ತಿ ತೋರಿಸಿದಾಗ ನನಗೆ ನಿಜವಾಗಿ ನಿರಾಳವಾಯಿತು.

ಹಾಗಾಗಿ ದಿನವನ್ನು ಚೆನ್ನಾಗಿಯೇ ಉಪಯೋಗಿಸಿಕೊಂಡೆ. ನೀಲಿ ಹೆಂಚಿನ ದೊಡ್ಡ ಬಾಗಿಲು ನೋಡಿದೆ. ಕತ್ತೆಗೆ ದಾರಿ ಬಿಟ್ಟು ಗೋಡೆಗೆ ಒರಗಿ ನಿಂತೆ. ಚರ್ಮ ಹದ ಮಾಡುವ ಬಣ್ಣದ ಗುಂಡಿಗಳನ್ನು ಮಹಡಿಯ ಮೇಲಿಂದ ನೋಡುವಾಗ, ನಾತ ತಡೆಯಲಾರದೆ ಅವರು ಕೊಟ್ಟ ಪುದೀನಾ ಸೊಪ್ಪನ್ನು ಮೂಗಿಗೆ ಒತ್ತಿಕೊಂಡೆ. ಚಪ್ಪಲಿಗೆ ಚೌಕಾಸಿ ಮಾಡಿದೆ. ನನ್ನ ಲೇಖನದಲ್ಲಿ ಇದೆಲ್ಲ ನಿಜ. ಅಂಗಡಿಗಳು ಮುಚ್ಚಿದ ಮೇಲೆ ಓಣಿ ಓಣಿಯಿಂದ ಬೇಯುವ ತರಕಾರಿಯ ಘಮ ಬಂತು. ಶುಕ್ರವಾರ ಅಲ್ಲಿ ಮನೆ ಮನೆಯಲ್ಲೂ ಕುಸ್‌ಕುಸ್. ನಾವು ಬ್ಯಾಗಿನಲ್ಲಿದ್ದ ಚಪಾತಿ ತಿಂದೆವು.

ಆಗ, ಅದೇ ಊರಿನಲ್ಲಿ, ಒಬ್ಬರು ನನಗಾಗಿ ತಟ್ಟೆ ಇಟ್ಟುಕೊಂಡು ಕಾಯುತ್ತಿದ್ದರು.

ಅಬುಧಾಬಿಗೆ ವಾಪಸ್ ಬಂದು ಕ್ಲಿನಿಕ್ಕಿನ ಬಾಗಿಲು ತಳ್ಳುವಾಗ ನಿಜ ಹೇಳುವುದೆಂದೇ ಇದ್ದೆ. ದೇವರಾಣೆ, ಎರಡು ಬೈಗುಳ ತಿಂದರಾಯಿತು ಅಂದುಕೊಂಡಿದ್ದೆ. ಆದರೆ ನಯೀಮಾ ಓಡಿಬಂದು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. “ನನ್ನ ಅಮ್ಮನನ್ನು ಮುಟ್ಟಿ ಬಂದ ಕೈ” ಅಂದಳು. ಆಮೇಲೆ ಕೇಳಿದಳು, “ಅಮ್ಮ ಹೇಳ್ತಾಳೆ, ಯಾರೋ ಹುಡುಗ ಚೀಲ ಕೊಟ್ಟು ಹೋದ, ನೀನು ಬರಲೇ ಇಲ್ಲ ಅಂತ. ನೀನು ಹೋಗಿದ್ದೆ ತಾನೇ?”

ಡಾಕ್ಟರು, ನರ್ಸು ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ನನ್ನ ಕೈ ಇನ್ನೂ ಅವಳ ಕೈಯಲ್ಲೇ ಇತ್ತು.

“ಹೋಗಿದ್ದೆ” ಅಂದೆ.

ಒಂದು ಪದ. ಅದು ಬಾಯಿಂದ ಹೊರಬಿದ್ದ ಮೇಲೆ ಅದರ ಹಿಂದೆ ಉಳಿದವೆಲ್ಲ ತಾವಾಗಿಯೇ ಬಂದವು — ಅಂಗಳ, ನಿಂಬೆ ಗಿಡ, ಒಡೆದ ಮೆಟ್ಟಿಲು. ಅವಳ ಮುಖ ಮೆಲ್ಲಗೆ ಬಾಡಿತು. “ಹಾಗಾದರೆ ಅಮ್ಮ ಯಾಕೆ ಹಾಗೆ… ವಸಂತಿ, ಮುಚ್ಚಿಡಬೇಡ. ಅವಳಿಗೆ ಮರೆವು ಶುರುವಾಗಿದೆ ಅಂತ ಅನ್ನಿಸಿತಾ?”

ನನ್ನ ಪಾಪ ಇರುವುದು ಇಲ್ಲಿ. ಊಟಕ್ಕೆ ಹೋಗದಿದ್ದದ್ದು ದುರಾಸೆ. ‘ಹೋಗಿದ್ದೆ’ ಅಂದದ್ದು ಹೇಡಿತನ. ಆದರೆ ಇದಕ್ಕೆ ಯಾವ ಹೆಸರಿಡಲಿ? ತಪ್ಪಿಸಿಕೊಳ್ಳಲು ಕಂಡದ್ದು ಇದೊಂದೇ ಕಿಂಡಿ, ನಾನು ಅದರಲ್ಲಿ ನುಸುಳಿದೆ. “ಸ್ವಲ್ಪ… ವಯಸ್ಸಾಯ್ತಲ್ಲ” ಅಂದೆ.

ನಯೀಮಾ ಅಂದೇ ಕಾಸಾಬ್ಲಾಂಕಾದಲ್ಲಿದ್ದ ಅಣ್ಣನಿಗೆ ಫೋನ್ ಮಾಡಿದಳು. ಲಲ್ಲಾ ಜಹ್ರಾ ಫೋನಿನಲ್ಲಿ ಕೂಗಾಡಿದರಂತೆ, “ಯಾರೂ ಬರಲಿಲ್ಲ, ನಾನು ಸಂಜೆಯವರೆಗೆ ಕಾದೆ” ಅಂತ. ಕೂಗಾಡಿದಷ್ಟೂ ಮಕ್ಕಳಿಗೆ ಭಯ ಹೆಚ್ಚಾಯಿತು. ಒಂಟಿ ಹೆಂಗಸು, ದೊಡ್ಡ ಒಲೆಗಳು, ಗ್ಯಾಸು — ಮರೆತು ಏನಾದರೂ ಆದರೆ? ಅಣ್ಣ ಬಂದು ಕರೆದುಕೊಂಡು ಹೋದ. ಮನೆ ಮಾರಿದರು. ಅವನ ಫ್ಲ್ಯಾಟಿನಲ್ಲಿ ಸೊಸೆ ಅವರನ್ನು ಒಲೆ ಹತ್ತಿರ ಬಿಡುತ್ತಿರಲಿಲ್ಲ. ಇದನ್ನೆಲ್ಲ ನಯೀಮಾ ನನ್ನ ಹತ್ತಿರವೇ ಹೇಳಿಕೊಂಡು ಅಳುತ್ತಿದ್ದಳು, ನಾನೇ ಟಿಶ್ಯೂ ಕೊಡುತ್ತಿದ್ದೆ. ಥೂ, ನನ್ನ ಜನ್ಮಕ್ಕೆ. ‘ಇವತ್ತು ಹೇಳಿಬಿಡುತ್ತೇನೆ’ ಅಂತ ದಿನವೂ ಅಂದುಕೊಂಡೆ. ಅದರ ನಡುವೆಯೇ ಆ ಲೇಖನವನ್ನೂ ಬರೆದೆ. ಹೇಳಿದ ಕಥೆಯನ್ನು ನಾನೇ ನಂಬಲು ನೋಡುತ್ತಿದ್ದೆನೋ ಏನೋ…

ಈ ವರ್ಷ ಲಲ್ಲಾ ಜಹ್ರಾ ವಿಸಿಟ್ ವೀಸಾದಲ್ಲಿ ಮಗಳ ಮನೆಗೆ ಬಂದರು. ನಯೀಮಾ ಟೀಗೆ ಕರೆದಳು. ತಪ್ಪಿಸಿಕೊಳ್ಳಲು ನೆವ ಹುಡುಕಿದೆ, ಅವಳು ಬಿಡಲಿಲ್ಲ.

ನಾನು ನೆನೆಸಿಕೊಂಡಿದ್ದಕ್ಕಿಂತ ಕುಳ್ಳಗಿದ್ದರು. ಸೋಫಾದ ತುದಿಯಲ್ಲಿ, ಬೇರೆಯವರ ಮನೆಯಲ್ಲಿ ಕೂತಂತೆ ಕೂತಿದ್ದರು. ಎದುರಿನ ಗ್ಲಾಸನ್ನು ಕೂಡ ಮಗಳ ಮುಖ ನೋಡಿಯೇ ಎತ್ತಿಕೊಂಡರು. ನಯೀಮಾ ನನ್ನನ್ನು ತೋರಿಸಿ ಅರಬ್ಬಿಯಲ್ಲಿ ಏನೋ ಹೇಳಿದಳು. ಅವರು ನನ್ನ ಮುಖವನ್ನೇ ನೋಡಿದರು, ಹಣೆ ಸುಕ್ಕು ಮಾಡಿಕೊಂಡು ನೋಡಿದರು. ಕೊನೆಗೆ ತಲೆ ತಗ್ಗಿಸಿ ಮೆಲ್ಲಗೆ ಏನೋ ಅಂದರು.

“ನಿನ್ನ ಹತ್ತಿರ ಕ್ಷಮೆ ಕೇಳ್ತಿದ್ದಾಳೆ” ಅಂದಳು ನಯೀಮಾ. “ನೀನು ಬಂದಿದ್ದು ಅವಳಿಗೆ ಎಷ್ಟು ಯೋಚಿಸಿದರೂ ನೆನಪಾಗ್ತಿಲ್ಲವಂತೆ. ‘ಬಂದಿರಬೇಕು, ನಾನೇ ಮರೆತಿರಬೇಕು’ ಅಂತಾಳೆ.”

ಬಾಯಲ್ಲಿ ಇಂಗ್ಲಿಷ್ ಬರಲಿಲ್ಲ, ಕನ್ನಡವೂ ಬರಲಿಲ್ಲ. ಕ್ಲಿನಿಕ್ಕಿನಲ್ಲಿ ಕಲಿತ ಹರಕು ಅರಬ್ಬಿಯಲ್ಲಿ, ನಯೀಮಾಳ ಕಡೆ ತಿರುಗದೆ, ಅವರಿಗೇ ಹೇಳಿದೆ: “ಅನಾ ಮಾ ಜೀತ್.” ನಾನು ಬರಲಿಲ್ಲ. ಅರ್ಥವಾಯಿತೋ ಇಲ್ಲವೋ ಅಂತ ಕೈಯನ್ನು ಎದೆಯ ಮೇಲಿಟ್ಟು ಇನ್ನೊಮ್ಮೆ ಹೇಳಿದೆ. ಉಳಿದದ್ದನ್ನೆಲ್ಲ ನಯೀಮಾಳಿಗೆ ಹೇಳಿದೆ — ಹೋಟೆಲಿನ ಆಳು, ಚಪ್ಪಲಿ ಅಂಗಡಿ, ನಿಂಬೆ ಗಿಡ, ಎಲ್ಲ.

ಲಲ್ಲಾ ಜಹ್ರಾ ಬೈಯಲಿಲ್ಲ, ಅಳಲಿಲ್ಲ. ಮಗಳ ಮುಖ ನೋಡಿದರು, ಬಹಳ ಹೊತ್ತು. ಆಮೇಲೆ ಮಂಡಿಗೆ ಕೈ ಊರಿ ಎದ್ದು ನೆಟ್ಟಗೆ ಅಡುಗೆಮನೆಗೆ ಹೋದರು. ಗ್ಯಾಸ್ ಹೊತ್ತಿಸುವ ಟಿಕ್ ಟಿಕ್ ಕೇಳಿಸಿತು. ನಯೀಮಾ ತಡೆಯಲು ಅರ್ಧ ಎದ್ದವಳು ಹಾಗೇ ಕೂತುಬಿಟ್ಟಳು. ಒಳಗಿಂದ ಅವರು ಏನೋ ಕೂಗಿ ಕೇಳಿದರು. ನಯೀಮಾ ಮುಖ ಮುಚ್ಚಿಕೊಂಡು ಬಿಕ್ಕಿದಳು.

“ಏನಂತೆ?” ಅಂದೆ.

“‘ಮಾಂಸ ತಿನ್ನದ ಗೆಳತಿ ಇವಳೇ ತಾನೇ?’ ಅಂತ ಕೇಳ್ತಿದ್ದಾಳೆ” ಅಂದಳು. ನಾವು ಪ್ರವಾಸ ಹೊರಡುವ ಮೊದಲು ನಯೀಮಾ ಫೆಸ್‌ಗೆ ಫೋನ್ ಮಾಡಿ ಒಂದೇ ಒಂದು ಸಲ ಹೇಳಿದ್ದ ಮಾತು ಅದು. ಆಮೇಲೆ ಯಾರೂ ಅವರಿಗೆ ನೆನಪಿಸಿರಲಿಲ್ಲ.

ನಯೀಮಾ ನನ್ನ ಜೊತೆ ಆಡಿದ ಕೊನೆಯ ಮಾತೂ ಅದೇ. ಈಗ ಅವಳು ಬೆಳಗಿನ ಶಿಫ್ಟು, ನಾನು ಸಂಜೆಯದು. ಅವಳೇ ಕೇಳಿ ಬದಲಾಯಿಸಿಕೊಂಡಳು. ಸರಿಯಾಗಿಯೇ ಮಾಡಿದಳು. ಫೆಸ್‌ನ ಆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ, ಅದನ್ನು ನಾನು ತಂದುಕೊಡಲಾರೆ.

ಅಂದು ಲಲ್ಲಾ ಜಹ್ರಾ ತಟ್ಟೆ ತಂದು ನನ್ನ ಮುಂದೆ ಇಟ್ಟರು. ಕ್ಯಾರೆಟ್, ಕುಂಬಳ, ಕಡಲೆಕಾಳು. ‘ತಿನ್ನು’ ಅನ್ನುವಂತೆ ಕೈ ಮಾಡಿ ಎದುರಿಗೇ ಕೂತರು. ನಾನು ತಿಂದೆ. ಕೊನೆಯ ತುತ್ತಿನವರೆಗೂ ಅವರು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಈ ಸಲ ನಾನು ಬಂದದ್ದನ್ನು, ಕೂತದ್ದನ್ನು, ಉಂಡದ್ದನ್ನು ಅವರು ಮರೆಯದಂತೆ ನೋಡಿಟ್ಟುಕೊಳ್ಳುತ್ತಿದ್ದರು.