ಇಲಿಯ ಬಾಟಲಿಗೆ ಒಂದು ಚಿಟಿಕೆ ಸೋಪು

ನವಿ ಮುಂಬಯಿಯ ಸಾನಪಾಡಾದ ಸಂಶೋಧನಾಲಯದಲ್ಲಿ ಗಾಜಿನ ಬಾಟಲಿ ತೊಳೆಯುವ ಸಾಬವ್ವ ಕಲಬುರಗಿ ಕಡೆಯವಳು. ಎಡಗಾಲು ಆನೆಕಾಲು. ಅದನ್ನೇ ಎಳೆದುಕೊಂಡು ನೆರೂಳದಿಂದ ಲೋಕಲ್ ರೈಲು ಹತ್ತಿ ಬರುತ್ತಾಳೆ. ಕಾಂಟ್ರಾಕ್ಟಿನ ಕೆಲಸವಾದರೂ ಒಂದು ದಿನ ತಡ ಮಾಡಿದವಳಲ್ಲ.

ಉಡುಪಿ ಮೂಲದ ಹುಡುಗಿ ತೃಷಾ ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಸಾಬವ್ವನನ್ನು ಅಲ್ಲಿಯವರಂತೆ ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಅವಳು ಒಮ್ಮೆ ಆ ಕಾಲು ನೋಡಿ ಹೇಳಿದಳು: “ಮೈಯಲ್ಲಿ ಹೆಚ್ಚಾದ ನೀರು ಸಾಗಿಸ್ಲಿಕ್ಕೆ ಸಣ್ಣ ಸಣ್ಣ ನಾಳ ಉಂಟು ಮೌಶಿ. ಅದು ಕೆಟ್ರೆ ಕಾಲು ಹೀಗೆ ಊದ್ತದೆ. ನಾನು ಇಲಿಯಿಂದ ಆ ನಾಳದ ಒಳಗೋಡೆಯ ಸೆಲ್ಸ್ ತೆಗ್ದು ಬೆಳೆಸ್ತೇನೆ.”

ಅಂದಿನಿಂದ ಅದು ತನ್ನ ಕಾಲಿನದೇ ಕೆಲಸ ಎಂದುಕೊಂಡಳು ಸಾಬವ್ವ.

ಆದರೆ ಕೆಲಸ ಕೈಗೂಡಬೇಕಲ್ಲ. ಇಲಿಯ ಚರ್ಮ ಕೊಚ್ಚಿ, ಬಾಟಲಿಯ ಔಷಧದಲ್ಲಿ ಕರಗಿಸಿ, ಬೇಕಾದ ಜೀವಕೋಶಗಳನ್ನಷ್ಟೇ ಅಯಸ್ಕಾಂತದಿಂದ ಆರಿಸಿ ತಟ್ಟೆಗೆ ಹಾಕಿದರೆ, ಮರುದಿನ ಅವು ತಳಕ್ಕೆ ಅಂಟಿರಬೇಕು. ಎರಡು ಸಲವೂ ಸತ್ತು ತೇಲಿದವು. ಇನ್ನೊಂದೇ ಸಲ, ಆಗದಿದ್ದರೆ ಈ ವಿಷಯ ಬಿಡು ಎಂದರು ಅವಳ ಗೈಡ್ ಸರ್.

ಮೂರನೆಯ ಸಲದ ಬೆಳಿಗ್ಗೆ ಇಲಿಯ ಪಂಜರ ಎತ್ತಿಕೊಂಡ ತೃಷಾ, “ಬಾಟಲಿಯಲ್ಲಿ ಸೋಪೇನಾದ್ರೂ ಉಳೀತದಾ ಮೌಶಿ? ಚೂರಿದ್ರೂ ಸೆಲ್ಸ್ ಸಾಯ್ತವೆ,” ಎಂದಳು. ಸುಮ್ಮನೆ ಕೇಳಿದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು ಸಾಬವ್ವನಿಗೆ. ಇಲಿಯ ಕೆಲಸದ ಬಾಟಲಿಗಳಿಗೆ ಬರೀ ನೀರು, ಆಮೇಲೆ ಭಟ್ಟಿ ಇಳಿಸಿದ ನೀರು, ಅಷ್ಟೇ ನಿಯಮ. ಆದರೆ ಗಣಪನ ವಾಹನವಲ್ಲವೇ ಅದು! ಕೊಂದ ಮೇಲೆ ಅದರ ಚರ್ಮ ಮೈಲಿಗೆಯ ಬಾಟಲಿ ಸೇರಬಾರದೆಂದು ತಾನೇ ಮನೆಯಿಂದ ತಂದ ಸೋಪಿನ ಪುಡಿ ಹಾಕಿ ತಿಕ್ಕುತ್ತಿದ್ದಳು. ಇಂದಿನ ಬಾಟಲಿಗಳನ್ನೂ ತಿಕ್ಕಿ ಆಗಿತ್ತು. ಯಾರು ಹೇಳಿದ್ದರು ಈ ಮಹಾತಾಯಿಗೆ!

ಹೇಳಿದರೆ ಕೆಲಸ ಹೋದೀತು. ಹೇಳದಿದ್ದರೆ ಹುಡುಗಿಯ ಎರಡು ವರ್ಷ ನೀರುಪಾಲು.

“ಯವ್ವಾ, ಇಲಿ ಕೊಲ್ಲಬ್ಯಾಡ. ನಾನೇ ಸೋಪ್ ಹಾಕೀನಿ.”

ತೃಷಾ ಪಂಜರವನ್ನು ಜಾಗಕ್ಕಿಟ್ಟು, ಸರ್ ಹತ್ತಿರ ಒಂದು ವಾರದ ಸಮಯ ಕೇಳಿಕೊಂಡು ಬಂದಳು. ಯಾಕೆಂದು ಅವರಿಗೆ ಹೇಳಲಿಲ್ಲ.

ಮುಂದಿನ ವಾರ ಹಾಕಿದ ಜೀವಕೋಶಗಳು ಅಂಟಿದವು, ಬೆಳೆದವು. ಹತ್ತು ದಿನದ ಮೇಲೆ ತೃಷಾ ಸಾಬವ್ವನನ್ನು ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಸಾಬವ್ವ ಕಣ್ಣು ಕಿರಿದು ಮಾಡಿ ನೋಡಿದಳು.

“ನಮ್ಮ ಕಡಿ ನೆಲಕ್ಕ ಪರಸಿಕಲ್ಲು ಹಾಸಿದಂಗ ಅದ. ಇಂಥಾವು ನನ್ನ ಕಾಲಾಗೂ ಅದಾವ?”

“ಉಂಟು ಮೌಶಿ.”

ಸಾಬವ್ವನ ಕಣ್ಣು ತುಂಬಿತು. ಇಲಿ ಕೊಲ್ಲುವ ದಿನ ಈಗಲೂ ಪಂಜರಕ್ಕೆ ಕೈಮುಗಿಯುತ್ತಾಳೆ, ಆಮೇಲೆ ಬರೀ ನೀರಲ್ಲಿ ಬಾಟಲಿ ತೊಳೆಯುತ್ತಾಳೆ. “ಪಾಪ ನನ್ನ ಕೈಗೇ ಇರ್ಲಿ,” ಅನ್ನುತ್ತಾಳೆ, “ಬಾಟ್ಲಿಗಿ ಸೋಪ್ ಬ್ಯಾಡ.”